ಮಡಚದ ಸ್ಟ್ರಾಲರ್, ನಿಲ್ಲದ ಲಾಕ್: ದೋಷ ಹುಡುಕುವ ಬಗೆ

“ಅಣ್ಣಾ, ನಿನ್ನೆ ತನಕ ಒಂದೇ ಕೈಯಲ್ಲಿ ಮಡಚ್ತಿತ್ತು, ಇವತ್ತು ಜಪ್ಪಯ್ಯ ಅಂದ್ರೂ ಜಗ್ತಿಲ್ಲ.” ದಾವಣಗೆರೆಯ ನಮ್ಮ ಸೈಕಲ್ ಶಾಪಿಗೆ ಮಗುವಿನ ಸ್ಟ್ರಾಲರ್ ಹೊತ್ತು ತರುವವರು ಹೇಳುವ ಮೊದಲ ಮಾತು ಹೆಚ್ಚಾಗಿ ಇದೇ. ಹೀಗೆ ಬಂದ ಗಾಡಿಗಳಲ್ಲಿ ನಿಜವಾಗಿ ಮುರಿದಿರುವುದು ಕಡಿಮೆ. ಮಡಚುವ ದಾರಿಗೆ ಏನೋ ಅಡ್ಡ ಬಂದಿರುತ್ತದೆ, ಇಲ್ಲವೇ ಎರಡು ಲಾಕ್‌ಗಳಲ್ಲಿ ಒಂದು ಬಿಟ್ಟು ಇನ್ನೊಂದು ಹಿಡಿದುಕೊಂಡಿರುತ್ತದೆ. ಮುರಿಯುವುದು ಆಮೇಲೆ, ಮೊಣಕಾಲು ಊರಿ ಅದುಮಿದಾಗ.

ಆದ್ದರಿಂದ ಬಲ ಹಾಕುವ ಮೊದಲು ಯಾವ ಲಾಕ್ ಹಿಡಿದಿದೆ ಎಂದು ಕಣ್ಣಾರೆ ನೋಡಿ. ನಾನು ಇಲ್ಲಿ ಒತ್ತಿ ಹೇಳುವುದು ಇದನ್ನೇ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಮಡಚದ ಸ್ಟ್ರಾಲರ್ ತಲೆನೋವು ಅಷ್ಟೇ, ಬಿಚ್ಚಿದ ಮೇಲೆ ಸರಿಯಾಗಿ ಲಾಕ್ ಆಗದ ಸ್ಟ್ರಾಲರ್ ಅಪಾಯ. ಮೊದಲನೆಯದಕ್ಕೆ ತಾಳ್ಮೆ ಸಾಕು. ಎರಡನೆಯದು ಕಂಡ ಕೂಡಲೇ ಮಗುವನ್ನು ಇಳಿಸಬೇಕು.

ಕೈ ಹಾಕುವ ಮುನ್ನ

ಮಗು ಗಾಡಿಯಲ್ಲಿ ಇರಬಾರದು, ಪಕ್ಕದಲ್ಲೂ ನಿಂತಿರಬಾರದು. ಯಾರಾದರೂ ಎತ್ತಿಕೊಂಡು ನಾಲ್ಕು ಹೆಜ್ಜೆ ದೂರ ಹೋಗಲಿ. ಸುಮ್ಮನೆ ಹೆದರಿಸಲು ಹೇಳುತ್ತಿಲ್ಲ. 2009ರ ನವೆಂಬರಿನಲ್ಲಿ ಅಮೆರಿಕದಲ್ಲಿ ಮೆಕ್ಲಾರೆನ್ ಕಂಪನಿಯ ಸುಮಾರು 10 ಲಕ್ಷ ಸ್ಟ್ರಾಲರ್‌ಗಳಿಗೆ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿ ಕೊಡುವ ಕರೆ, ಘೋಷಣೆಯಾಯಿತು. ಗಾಡಿ ಬಿಚ್ಚುವಾಗ ಪಕ್ಕದ ಕೀಲಿಗೆ ಬೆರಳು ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾದ 12 ಪ್ರಕರಣಗಳು ಅಷ್ಟರಲ್ಲಿ ವರದಿಯಾಗಿದ್ದವು. ಪರಿಹಾರವಾಗಿ ಕಂಪನಿ ಕೊಟ್ಟಿದ್ದು ಕೀಲನ್ನು ಮುಚ್ಚುವ ಕವರ್. ಯಾವ ಕಂಪನಿಯದೇ ಇರಲಿ, ಮಡಚುವ ಗಾಡಿಯಲ್ಲಿ ಎರಡು ಪೈಪುಗಳು ಒಂದರ ಪಕ್ಕ ಒಂದು ಸರಿದು ಕತ್ತರಿಸುವಂಥ ಜಾಗ ಇದ್ದೇ ಇರುತ್ತದೆ. ನಿಮ್ಮ ಗಾಡಿಯಲ್ಲಿ ಅದು ಎಲ್ಲಿದೆ ಎಂದು ಮೊದಲು ಗುರುತು ಮಾಡಿಕೊಳ್ಳಿ. ಪರೀಕ್ಷೆ ಮಾಡುವಾಗ ನಿಮ್ಮ ಬೆರಳೂ ಅಲ್ಲಿಗೆ ಹೋಗಬಾರದು.

ಸಾಮಾನು ಹೆಚ್ಚು ಬೇಕಿಲ್ಲ. ಮೊಬೈಲಿನ ಟಾರ್ಚ್, ಹಳೆಯ ಹಲ್ಲುಜ್ಜುವ ಬ್ರಷ್, ಒಣ ಬಟ್ಟೆ, ಚಿಕ್ಕ ಕತ್ತರಿ, ಅಲೆನ್ ಕೀ ಸೆಟ್, ಒಂದು ಡಬ್ಬಿ ಸಿಲಿಕೋನ್ ಸ್ಪ್ರೇ. ಗಾಡಿ ಜೊತೆ ಬಂದ ಪುಸ್ತಕ ಸಿಕ್ಕರೆ ಮಡಚುವ ಪುಟ ತೆಗೆದು ಎದುರಿಗಿಟ್ಟುಕೊಳ್ಳಿ. ಪುಸ್ತಕ ಕಳೆದಿದ್ದರೆ ಗಾಡಿಯ ಹಿಂಬದಿ ಪೈಪಿನ ಮೇಲೋ ಸೀಟಿನ ಅಡಿಯಲ್ಲೋ ಅಂಟಿಸಿದ ಚೀಟಿಯಲ್ಲಿ ಮಾಡೆಲ್ ನಂಬರ್ ಇರುತ್ತದೆ. ಅದನ್ನು ಹಾಕಿ ಹುಡುಕಿದರೆ ಮಡಚುವ ವಿಡಿಯೊ ಸಾಮಾನ್ಯವಾಗಿ ಸಿಗುತ್ತದೆ.

ಮಡಚುವ ಕೆಲಸ ಒಳಗೆ ಹೇಗೆ ನಡೆಯುತ್ತದೆ

ಇದು ಗೊತ್ತಾದರೆ ಅರ್ಧ ರಿಪೇರಿ ಮುಗಿದಂತೆ.

ಹಳೆಯ ಮಾದರಿ ಎಂದರೆ ಛತ್ರಿಯಂತೆ ಮುದುಡಿಕೊಳ್ಳುವುದು. ಎರಡು ಕೊಕ್ಕೆ ಹಿಡಿ, ಹಿಂದೆ ಅಡ್ಡಪಟ್ಟಿ, ಅದನ್ನು ಕಾಲಿನಿಂದ ಮೇಲಕ್ಕೆ ಎತ್ತಿದರೆ ಇಡೀ ಗಾಡಿ ಉದ್ದನೆಯ ಕೋಲಾಗುತ್ತದೆ. ಇದನ್ನು 1965ರಲ್ಲಿ ರೂಪಿಸಿದವರು ಇಂಗ್ಲೆಂಡಿನ ಓವನ್ ಮೆಕ್ಲಾರೆನ್. ಅವರು ವಿಮಾನದ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳನ್ನು ಒಳಕ್ಕೆ ಮಡಚುವ ವ್ಯವಸ್ಥೆಯ ಮೇಲೆ ಕೆಲಸ ಮಾಡಿದ್ದವರು. ಹಗುರ ಅಲ್ಯೂಮಿನಿಯಂ ಪೈಪು, ಕತ್ತರಿಯಂಥ ಕೀಲು, ತೂಕ ಮೂರು ಕೆಜಿಗೂ ಕಡಿಮೆ. ಆ ಲೆಕ್ಕಾಚಾರ ಎಷ್ಟು ಗಟ್ಟಿಯಾಗಿತ್ತೆಂದರೆ ಇವತ್ತಿಗೂ ಅಗ್ಗದ ಸ್ಟ್ರಾಲರ್‌ಗಳು ಅದೇ ದಾರಿಯಲ್ಲಿವೆ. ಈ ಮಾದರಿಯಲ್ಲಿ ದೋಷ ಹುಡುಕುವುದೂ ಸುಲಭ, ಎಲ್ಲ ಕೀಲುಗಳೂ ಹೊರಗೇ ಕಾಣುತ್ತವೆ.

ಈಗ ಜನ ಕೇಳಿ ತರುವುದು ಒಂದು ಕೈಯಲ್ಲಿ ಮಡಚುವ ಮಾದರಿ. ಹ್ಯಾಂಡಲ್ ನಡುವೆ ಒಂದು ಬಟನ್, ಪಕ್ಕದಲ್ಲಿ ಅದಕ್ಕೊಂದು ಜಾರುವ ತಡೆ. ತಡೆಯನ್ನು ಸರಿಸಿ ಬಟನ್ ಅದುಮಿದರೆ, ಇಲ್ಲವೇ ಸೀಟಿನ ನಡುವಿನ ಪಟ್ಟಿಯನ್ನು ಮೇಲಕ್ಕೆ ಎಳೆದರೆ, ಗಾಡಿ ಪುಸ್ತಕದ ಹಾಗೆ ಎರಡಾಗಿಯೋ ಮೂರಾಗಿಯೋ ಕುಸಿಯುತ್ತದೆ. ಬಟನ್ ಇರುವ ಮಾದರಿಗಳಲ್ಲಿ ಹೆಚ್ಚಿನವುಗಳ ಪೈಪಿನೊಳಗೆ ತೆಳು ವೈರ್ ಇದೆ, ಥೇಟ್ ಸೈಕಲ್ ಬ್ರೇಕ್ ವೈರಿನ ಹಾಗೆ. ಬಟನ್ ಒತ್ತಿದರೆ ಎಡಕ್ಕೊಂದು, ಬಲಕ್ಕೊಂದು ವೈರ್ ಎಳೆಯುತ್ತದೆ. ಅವು ಎರಡೂ ಪಕ್ಕದ ಲಾಕ್ ಪಿನ್ನನ್ನು ಅದು ಕೂರುವ ಗುಂಡಿಯಿಂದ, ಅಂದರೆ ತೂತಿನಿಂದ, ಮೇಲಕ್ಕೆ ಎತ್ತುತ್ತವೆ. ಎರಡೂ ಪಿನ್ ಪೂರ್ತಿ ಮೇಲೆ ಬಂದಾಗ ಮಾತ್ರ ಕೀಲು ತಿರುಗುತ್ತದೆ. ಒಂದು ಪಿನ್ ಒಂದು ಮಿಲಿಮೀಟರ್ ಒಳಗೆ ಉಳಿದರೂ ಸಾಕು, ಗಾಡಿ ಸೊಟ್ಟಗೆ ವಾಲಿ ನಿಂತುಬಿಡುತ್ತದೆ.

ಮಡಚುತ್ತಿಲ್ಲ

ಗಾಡಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ. ಹ್ಯಾಂಡಲಿಗೆ ನೇತುಹಾಕಿದ ಬ್ಯಾಗು, ಅಡಿ ಬುಟ್ಟಿಯ ಸಾಮಾನು ಎಲ್ಲ ತೆಗೆಯಿರಿ. ಬುಟ್ಟಿಯ ಮೂಲೆಯಲ್ಲಿ ಉಳಿದ ಒಂದು ಹಾಲಿನ ಬಾಟಲಿ ಇಡೀ ಗಾಡಿಯನ್ನು ತಡೆಯಬಲ್ಲದು. ಸೀಟು ಹಿಂದಕ್ಕೆ ಒರಗಿದ್ದರೆ ನೇರ ಮಾಡಿ ನೋಡಿ, ಹಲವು ಮಾದರಿಗಳು ಸೀಟು ಮಲಗಿದ್ದಾಗ ಮಡಚುವುದಿಲ್ಲ. ಮೇಲಿನ ಟೋಪಿ, ಅಂದರೆ ನೆರಳಿನ ಹೊದಿಕೆ, ಹಿಂದಕ್ಕೆ ಸರಿಯಲಿ. ಮುಂದಿನ ಅಡ್ಡಕಂಬಿ ಕಳಚುವಂಥದ್ದಾದರೆ ಕಳಚಿ. ಮುಂದಿನ ಚಕ್ರಗಳು ಅಡ್ಡಡ್ಡ ತಿರುಗಿದ್ದರೆ ಗಾಡಿಯನ್ನು ಒಂದಡಿ ಮುಂದೆ ತಳ್ಳಿ ಸರಿಮಾಡಿ. ಬ್ರೇಕ್ ಹಾಕಿಯೇ ಮಡಚಬೇಕಾದ ಗಾಡಿಗಳಿವೆ, ಬಿಟ್ಟು ಮಡಚಬೇಕಾದವೂ ಇವೆ. ಎರಡನ್ನೂ ಪ್ರಯತ್ನಿಸಿ.

ಇಷ್ಟಾದರೂ ಜಗ್ಗದಿದ್ದರೆ ಲಾಕ್ ಮೇಲೆ ಭಾರ ಕೂತಿದೆಯೇ ನೋಡಬೇಕು. ಬಹಳ ಜನ ಬಟನ್ ಒತ್ತುತ್ತಲೇ ಹ್ಯಾಂಡಲನ್ನು ಕೆಳಕ್ಕೆ ಅದುಮುತ್ತಾರೆ. ಆಗ ಪಿನ್ನು ಗುಂಡಿಯ ಗೋಡೆಗೆ ಒತ್ತಿ ಕಚ್ಚಿಕೊಳ್ಳುತ್ತದೆ, ವೈರ್ ಎಷ್ಟು ಎಳೆದರೂ ಮೇಲೆ ಬರುವುದಿಲ್ಲ. ಕ್ರಮವನ್ನು ತಿರುಗಿಸಿ. ಒಂದು ಕಾಲನ್ನು ಹಿಂದಿನ ಆಕ್ಸಲ್ ಮೇಲಿಟ್ಟು ಗಾಡಿ ಸರಿಯದಂತೆ ಹಿಡಿಯಿರಿ. ಹ್ಯಾಂಡಲನ್ನು ಮೊದಲು ಒಂದಿಷ್ಟು ಮೇಲಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ, ಎತ್ತಿ. ಅದೇ ಸ್ಥಿತಿಯಲ್ಲಿ ತಡೆ ಸರಿಸಿ ಬಟನ್ ಪೂರ್ತಿ ಒತ್ತಿ, ಒತ್ತಿಕೊಂಡೇ ಕೆಳಕ್ಕೆ ಬಿಡಿ. “ಕೆಟ್ಟಿದೆ” ಎಂದು ಬಂದ ಎಷ್ಟೋ ಗಾಡಿಗಳು ಅಂಗಡಿ ಮೆಟ್ಟಿಲ ಮೇಲೆಯೇ ಹೀಗೆ ಮಡಚಿಕೊಂಡು ಮನೆಗೆ ವಾಪಸಾಗಿವೆ.

ಇನ್ನೂ ಆಗಲಿಲ್ಲವೇ? ಈಗ ಟಾರ್ಚ್ ತೆಗೆಯಿರಿ. ಒಬ್ಬರು ಬಟನ್ ಅನ್ನು ನಿಧಾನ ಒತ್ತಿ ಬಿಡಲಿ, ಇನ್ನೊಬ್ಬರು ಎಡಪಕ್ಕದ ಕೀಲನ್ನು ನೋಡಲಿ, ಆಮೇಲೆ ಬಲಪಕ್ಕದ್ದು. ಪೈಪಿನ ಸೀಳಿನಲ್ಲಿ ಪ್ಲಾಸ್ಟಿಕ್ಕಿನ ಚಿಕ್ಕ ತುಂಡೋ ಲೋಹದ ಪಿನ್ನೋ ಮೇಲೆ ಕೆಳಗೆ ಆಡುವುದು ಕಾಣುತ್ತದೆ. ಎರಡೂ ಸಮ ಏರುತ್ತಿವೆಯೇ? ಒಂದು ಪೂರ್ತಿ ಏರಿ ಇನ್ನೊಂದು ಅರ್ಧಕ್ಕೆ ನಿಂತರೆ ದೋಷ ಆ ಅರ್ಧಕ್ಕೆ ನಿಂತ ಕಡೆಯೇ. ಎರಡೂ ಆಡದಿದ್ದರೆ ಬಟನ್ನಿನ ಹತ್ತಿರ ನೋಡಿ.

ನಿಟುವಳ್ಳಿ ಕಡೆಯಿಂದ ಒಬ್ಬ ಅಜ್ಜಿ, ಮಗಳು ಒಂದು ಗಾಡಿ ತಂದಿದ್ದರು. ಬಲದ ಪಿನ್ ಸಲೀಸು, ಎಡದ್ದು ಅರ್ಧಕ್ಕೆ ಬಂದು ಮತ್ತೆ ಪುಟಿದು ಕೆಳಗೆ. ಪುಟಿಯುವುದು ಮುಖ್ಯ ಸುಳಿವು. ಧೂಳು ಕೂತಿದ್ದರೆ ಪಿನ್ ಅಲ್ಲೇ ನಿಲ್ಲುತ್ತದೆ, ಪುಟಿಯುವುದಿಲ್ಲ. ಅಂದರೆ ಅಲ್ಲಿ ಏನೋ ಎಲಾಸ್ಟಿಕ್ ಇದೆ. ಸೀಟಿನ ಬಟ್ಟೆ ಎತ್ತಿದರೆ ಅದರ ಅಂಚಿನ ಎಲಾಸ್ಟಿಕ್ ಕುಣಿಕೆ ಕೊಕ್ಕೆಗೆ ಸಿಗುವ ಬದಲು ಲಾಕಿನ ತಗಡಿನ ಹಿಂದೆ ಹೋಗಿ ಪಿನ್ನಿಗೆ ಸುತ್ತಿಕೊಂಡಿತ್ತು. “ನಾನೇ ಬಿಚ್ಚಿ ತೊಳೆದು ಹಾಕಿದ್ದು ಕಣಪ್ಪ, ಒಂದು ಕುಣಿಕೆಗೆ ಜಾಗ ಸಿಗದೆ ಅಲ್ಲಿಗೆ ತುರುಕಿದೆ” ಎಂದರು ಅಜ್ಜಿ. ಕುಣಿಕೆ ಬಿಡಿಸಿದ ಮೇಲೆ ಗಾಡಿ ತಾನೇ ಮಡಚಿಕೊಂಡಿತು. ಸೀಟಿನ ಬಟ್ಟೆ ಒಗೆಯಲು ಬಿಚ್ಚುವ ಮೊದಲು ಎರಡೂ ಪಕ್ಕದ ಫೋಟೊ ತೆಗೆದಿಟ್ಟುಕೊಳ್ಳಿ. ಒಗೆದ ಮರುದಿನವೇ ಶುರುವಾದ ದೋಷವಾದರೆ ಬಟ್ಟೆಯಿಂದಲೇ ಹುಡುಕಾಟ ಆರಂಭಿಸಿ.

ಪಿನ್ ಪುಟಿಯದೆ ನಿಧಾನಕ್ಕೆ ಏರಿ ಅಲ್ಲೇ ನಿಂತರೆ ಧೂಳು. ನಮ್ಮೂರಿನಲ್ಲಿ ಇದಕ್ಕೆ ಬರವಿಲ್ಲ. ಮಂಡಕ್ಕಿ ಭಟ್ಟಿಗಳ ಸುತ್ತಲಿನ ಮನೆಗಳಿಂದ ಬರುವ ಗಾಡಿಗಳ ಕೀಲಿನಲ್ಲಿ ಎಣ್ಣೆಗೆ ಅಂಟಿದ ಕಪ್ಪು ಮಸಿ ಇರುತ್ತದೆ. ಹಳ್ಳಿಗಳಿಂದ ಬರುವವುಗಳಲ್ಲಿ ಮೆಕ್ಕೆಜೋಳ ಒಕ್ಕಣೆಯ ಹೊಟ್ಟು. ರಸ್ತೆ ಅಗೆದ ಬಡಾವಣೆಗಳಿಂದ ಬಂದರೆ ಎಂ-ಸ್ಯಾಂಡ್ ಪುಡಿ. ಒಣ ಬ್ರಷ್‌ನಿಂದ ಮೊದಲು ಉದುರಿಸಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಕೊನೆಯಲ್ಲಿ ಸಿಲಿಕೋನ್ ಸ್ಪ್ರೇಯನ್ನು ನಳಿಕೆ ಹಾಕಿ ಪಿನ್ನಿಗೆ ಮಾತ್ರ ಒಂದು ಚಿಮ್ಮು. ಪಿನ್ ಹತ್ತಾರು ಸಲ ಆಡಿಸಿ, ಹೊರಬಂದದ್ದನ್ನು ಒರೆಸಿಬಿಡಿ.

ಕೊಬ್ಬರಿ ಎಣ್ಣೆ ಹಾಕಬೇಡಿ. ಮನೆಯಲ್ಲಿ ಕೈಗೆ ಸಿಗುವುದು ಅದೇ, ಹಾಕಿದ ದಿನ ಕೆಲಸವನ್ನೂ ಮಾಡುತ್ತದೆ. ವಾರ ಕಳೆಯುವಷ್ಟರಲ್ಲಿ ಧೂಳು ಹಿಡಿದು ಜಿಡ್ಡಾಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆಯೂ ಧೂಳನ್ನು ಕರೆಯುತ್ತದೆ. ಗ್ರೀಸ್ ಅಂತೂ ಬೇಡವೇ ಬೇಡ. ಸಿಲಿಕೋನ್ ಒಣಗಿದ ಮೇಲೆ ಜಿಡ್ಡು ಉಳಿಸುವುದು ಕಡಿಮೆ, ಪ್ಲಾಸ್ಟಿಕ್ಕಿಗೂ ತೊಂದರೆ ಇಲ್ಲ. ಆದರೆ ಬ್ರೇಕಿಗೆ, ಚಕ್ರದ ಹೊರಮೈಗೆ, ಮಗುವಿನ ಬೆಲ್ಟಿಗೆ ಅದು ತಾಗಬಾರದು.

ವೈರ್ ಸಡಿಲಗೊಂಡಿದ್ದರೆ ಲಕ್ಷಣ ಬೇರೆ. ಬಟನ್ ಪೂರ್ತಿ ಒಳಗೆ ಹೋದರೂ ಪಿನ್ ಸ್ವಲ್ಪವೇ ಏಳುತ್ತದೆ. ಕೈಯಿಂದ, ಚಿಕ್ಕ ಸ್ಕ್ರೂಡ್ರೈವರಿನಿಂದ ಪಿನ್ ಎತ್ತಿದರೆ ಸಲೀಸಾಗಿ ಬರುತ್ತದೆ. ಆಗ ತೊಂದರೆ ಕೀಲಿನದ್ದಲ್ಲ, ವೈರಿನದ್ದು. ಹ್ಯಾಂಡಲಿನ ಬಟನ್ ಡಬ್ಬಿಯನ್ನು ಬಿಚ್ಚಿದರೆ ವೈರಿನ ತುದಿಯ ಗುಂಡು ತನ್ನ ಗೂಡಿನಿಂದ ಹೊರಬಂದಿರುವುದು ಕಾಣಬಹುದು, ಮರಳಿ ಕೂರಿಸಿದರೆ ಸಾಕು. ವೈರ್ ಎಳೆ ಬಿಚ್ಚಿಕೊಂಡಿದ್ದರೆ ಬದಲಿಸಬೇಕು. ಗಾಡಿ ವಾರಂಟಿಯಲ್ಲಿದ್ದರೆ ಡಬ್ಬಿ ಬಿಚ್ಚುವ ಮೊದಲೇ ಕಂಪನಿಗೆ ಫೋನ್ ಮಾಡಿ. ಬಿಚ್ಚಿದ ಗುರುತು ಕಂಡರೆ ವಾರಂಟಿ ಸಿಗದೆ ಹೋಗಬಹುದು.

ಬಿಚ್ಚಿಕೊಳ್ಳುತ್ತಿಲ್ಲ

ಇದು ಸಾಮಾನ್ಯವಾಗಿ ಚಿಕ್ಕ ವಿಷಯ. ಮಡಚಿದ ಗಾಡಿ ತಾನೇ ತೆರೆದುಕೊಳ್ಳದಂತೆ ಪಕ್ಕದಲ್ಲಿ ಒಂದು ಕೊಕ್ಕೆ ಇರುತ್ತದೆ. ಅದರ ಬಾಯಿ ಬಿಗಿಯಾಗಿದ್ದರೆ ಗಾಡಿಯನ್ನು ಎರಡೂ ಕಡೆಯಿಂದ ಇನ್ನಷ್ಟು ಒತ್ತಿ ಹಿಡಿದು ಕೊಕ್ಕೆ ಬಿಡಿಸಿ. ಕೊಕ್ಕೆ ಬಿಟ್ಟ ಮೇಲೂ ಏಳದಿದ್ದರೆ ಬೆಲ್ಟಿನ ಬಕಲ್ ಅಥವಾ ಟೋಪಿಯ ಕಂಬಿ ಚಕ್ರದ ಸಂದಿಗೆ ಸಿಕ್ಕಿರುತ್ತದೆ. ಮಡಚುವ ಮೊದಲು ಬೆಲ್ಟನ್ನು ಹಾಕಿಯೇ ಮಡಚಿದರೆ ಇದು ತಪ್ಪುತ್ತದೆ.

ತೆರೆದ ಮೇಲೆ ಲಾಕ್ ಆಗುತ್ತಿಲ್ಲ, ಅಥವಾ ತಾನೇ ಕುಸಿಯುತ್ತಿದೆ

ಇಲ್ಲಿ ನಿಲ್ಲಿ. ಮಗುವನ್ನು ಕೂರಿಸಿ ಪರೀಕ್ಷೆ ಮಾಡುವಂತಿಲ್ಲ.

ಬಿಚ್ಚಿದಾಗ “ಟಕ್” ಎಂಬ ಸದ್ದು ಎರಡೂ ಪಕ್ಕದಿಂದ ಬರಬೇಕು. ಹೆಚ್ಚಿನವರು ಒಂದು ಸದ್ದು ಕೇಳಿ ಹೊರಟುಬಿಡುತ್ತಾರೆ. ಗಿಜಿಗುಡುವ ಬಸ್ ಸ್ಟ್ಯಾಂಡಿನಲ್ಲಿ ಸದ್ದೇ ಕೇಳುವುದಿಲ್ಲ. ಆದ್ದರಿಂದ ಕಿವಿಯನ್ನು ನಂಬದೆ ಕೈಯಿಂದ ನೋಡಿ. ತೆರೆದ ಗಾಡಿಯ ಹ್ಯಾಂಡಲ್ ಹಿಡಿದು, ಬಟನ್ ಮುಟ್ಟದೆ, ಮಡಚುವ ದಿಕ್ಕಿಗೆ ಗಟ್ಟಿಯಾಗಿ ಒತ್ತಿ. ಕೀಲು ಕದಲಬಾರದು. ಛತ್ರಿ ಮಾದರಿಯಲ್ಲಿ ಹಿಂದಿನ ಅಡ್ಡಪಟ್ಟಿ ಪೂರ್ತಿ ಕೆಳಗಿಳಿದು ನೇರ ಗೆರೆಯನ್ನು ದಾಟಿ ಇನ್ನಷ್ಟು ಬಾಗಿರಬೇಕು. ಮಧ್ಯಕ್ಕೆ ನಿಂತಿದ್ದರೆ ಅದು ತೆರೆದಂತೆ ಕಾಣುತ್ತದೆ ಅಷ್ಟೇ, ಲಾಕ್ ಆಗಿಲ್ಲ. ಕೈಯಿಂದಲ್ಲ, ಕಾಲಿನಿಂದಲೇ ತುಳಿದು ಕೂರಿಸಿ.

ಆಮೇಲೆ ಭಾರದ ಪರೀಕ್ಷೆ. ಹತ್ತು ಕೆಜಿಯ ಅಕ್ಕಿ ಚೀಲವನ್ನು ಸೀಟಿನಲ್ಲಿಟ್ಟು ಬೆಲ್ಟ್ ಹಾಕಿ. ಅಂಗಳದಲ್ಲಿ ತಳ್ಳಿ, ಒಂದು ಇಂಚಿನ ಹೊಸ್ತಿಲನ್ನು ಹತ್ತಿಸಿ ಇಳಿಸಿ, ಹ್ಯಾಂಡಲ್ ಒತ್ತಿ ಮುಂದಿನ ಚಕ್ರ ಎತ್ತಿ ಕೆಳಗಿಡಿ. ಪ್ರತಿ ಬಾರಿಯೂ ಲಾಕ್ ಪಿನ್ ಎಲ್ಲಿದೆ ನೋಡಿ. ಅದು ಗುಂಡಿಯೊಳಗೆ ಇದ್ದಲ್ಲೇ ಇರಬೇಕು. ಅಲುಗಾಟಕ್ಕೆ ಕೂದಲೆಳೆಯಷ್ಟು ಮೇಲೆ ಬರುತ್ತಿದ್ದರೂ ಆ ಗಾಡಿ ಇನ್ನು ಬೀದಿಗೆ ಇಳಿಯಬಾರದು.

ಕಾರಣ ಹುಡುಕುವಾಗ ಸುಲಭದ್ದರಿಂದ ಶುರುಮಾಡಿ. ಪಿನ್ ಕೂರುವ ಗುಂಡಿಯಲ್ಲಿ ಕಲ್ಲಿನ ಚೂರು, ಬಿಸ್ಕತ್ತಿನ ಪುಡಿ, ಒಣಗಿದ ಮಣ್ಣು ಇದ್ದರೆ ಪಿನ್ ತಳ ಮುಟ್ಟುವುದಿಲ್ಲ. ಕಡ್ಡಿಯಿಂದ ತೆಗೆದು ಮತ್ತೆ ಪರೀಕ್ಷಿಸಿ. ಪಿನ್ನನ್ನು ಕೆಳಕ್ಕೆ ತಳ್ಳುವ ಸ್ಪ್ರಿಂಗ್ ಬಲ ಕಳೆದುಕೊಂಡಿದ್ದರೆ ಪಿನ್ ಸೋಮಾರಿಯಾಗಿ ಇಳಿಯುತ್ತದೆ. ಕಂಪನಿಯಿಂದ ಅದೇ ಸ್ಪ್ರಿಂಗ್ ತರಿಸಿ ಬದಲಿಸಬಹುದು. ಬೆಲ್ಟಿನ ತುದಿ ಕೀಲಿನೊಳಗೆ ಸಿಕ್ಕಿದ್ದರೆ ಎಳೆದು ತೆಗೆದು, ಬೆಲ್ಟ್ ಎಲ್ಲಾದರೂ ಹರಿದಿದೆಯೇ ನೋಡಿ.

ಇದರಾಚೆಗಿನ ಕಾರಣಗಳಿಗೆ ಮನೆಯಲ್ಲೂ ಮದ್ದಿಲ್ಲ, ನನ್ನ ಅಂಗಡಿಯಲ್ಲೂ ಇಲ್ಲ. ಪಿನ್ನಿನ ಅಥವಾ ಕೊಕ್ಕೆಯ ಮೂಲೆ ಸವೆದು ದುಂಡಗಾಗಿದ್ದರೆ, ರಿವಿಟ್ ಸಡಿಲಾಗಿ ಕೀಲು ಅಡ್ಡಕ್ಕೆ ಆಡುತ್ತಿದ್ದರೆ, ಪೈಪು ಬಾಗಿದ್ದರೆ, ಪ್ಲಾಸ್ಟಿಕ್ ಕೀಲಿನಲ್ಲಿ ಬಿಳಿ ಗೆರೆಯಂಥ ಬಿರುಕು ಕಂಡರೆ ಗಾಡಿಯ ಆಯುಸ್ಸು ಮುಗಿದಿದೆ. ಬೈಂಡಿಂಗ್ ವೈರ್ ಸುತ್ತಿ, ಕೇಬಲ್ ಟೈ ಬಿಗಿದು “ಸದ್ಯಕ್ಕೆ ನಡೆಯುತ್ತೆ” ಎನ್ನುವವರಿದ್ದಾರೆ. ಟೈ ಕಿತ್ತ ದಿನ ಗಾಡಿ ನಿಂತಲ್ಲಿ ಕುಸಿಯುವುದಿಲ್ಲ. ರಸ್ತೆಯ ಗುಂಡಿಗೆ ಇಳಿದಾಗ, ಮಗು ಮುಂದಕ್ಕೆ ಬಾಗಿದಾಗ ಕುಸಿಯುತ್ತದೆ.

ವೆಲ್ಡಿಂಗ್ ಮಾಡಿಸಿ ಎಂದು ಕೇಳುವವರೂ ಇದ್ದಾರೆ. ಪೈಪಿಗೆ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಹೆಚ್ಚಾಗಿ ಅಲ್ಯೂಮಿನಿಯಂ. ಗೇಟು ಕಿಟಕಿ ಮಾಡುವ ಕಡೆಯ ಸಾಧಾರಣ ವೆಲ್ಡಿಂಗ್ ಅದಕ್ಕೆ ಹಿಡಿಯುವುದಿಲ್ಲ, ಆರ್ಗಾನ್ ವೆಲ್ಡಿಂಗ್ ಬೇಕು. ಅದನ್ನು ಮಾಡಿಸಿದರೂ ಬಿಸಿ ತಾಗಿದ ಭಾಗದ ಬಲ ಕುಗ್ಗುತ್ತದೆ. ಅಂಟಿದರೆ ಕಬ್ಬಿಣ, ಬೆಸುಗೆ ಹಾಕಬಹುದು. ಆದರೆ ಮಡಚುವ ಕೀಲಿನ ಹತ್ತಿರ ಒಂದು ಹನಿ ಬೆಸುಗೆ ಹೆಚ್ಚಾದರೂ ಪಿನ್ ಕೂರುವುದಿಲ್ಲ. ಹೀಗಾಗಿ ಕೀಲಿನ ಬಳಿಯ ಬೆಸುಗೆಗೆ ನಾನು ಯಾರನ್ನೂ ಕಳಿಸುವುದಿಲ್ಲ.

ಒಂದು ಕಡೆಗೆ ಎಳೆಯುತ್ತದೆ, ಮುಂದಿನ ಚಕ್ರ ನಡುಗುತ್ತದೆ

ಮನೆಯ ಹಾಲಿನಲ್ಲಿ ಟೈಲ್ಸ್ ಗೆರೆಯ ಮೇಲೆ ಖಾಲಿ ಗಾಡಿಯನ್ನು ಮೆಲ್ಲಗೆ ತಳ್ಳಿ ಕೈಬಿಡಿ. ನಾಲ್ಕೈದು ಟೈಲ್ಸ್ ದೂರ ಗೆರೆ ಬಿಡದೆ ಹೋದರೆ ಗಾಡಿ ಸರಿ ಇದೆ, ಎಳೆಯುತ್ತಿರುವುದು ರಸ್ತೆಯ ಇಳಿಜಾರು. ಒಂದೇ ಕಡೆಗೆ ತಿರುಗಿದರೆ ಮುಂದಿನ ಎರಡು ಚಕ್ರಗಳ ತಿರುಗು ತಡೆ, ಅಂದರೆ ಚಕ್ರ ಅತ್ತಿತ್ತ ಹೊರಳದಂತೆ ಹಿಡಿಯುವ ಲಾಕ್, ನೋಡಿ, ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ಟಿರುತ್ತಾರೆ. ಗಾಳಿ ತುಂಬುವ ಟೈರಾದರೆ ಎರಡರಲ್ಲೂ ಒಂದೇ ಒತ್ತಡ ಇರಬೇಕು.

ಅದೂ ಸರಿ ಇದ್ದರೆ ಗಾಡಿ ಮಗುಚಿ ಚಕ್ರ ತಿರುಗಿಸಿ. ಬೇಗ ನಿಲ್ಲುವ ಚಕ್ರದ ಆಕ್ಸಲಿನಲ್ಲಿ ಕೂದಲು, ದಾರ ಸುತ್ತಿರುತ್ತದೆ. ಸೀರೆ ಫಾಲ್ಸ್ ಹೊಲಿಯುವ, ಟೈಲರಿಂಗ್ ನಡೆಯುವ ಮನೆಗಳ ಗಾಡಿಗಳಲ್ಲಿ ಇದು ಖಾತ್ರಿ. ಚಿಕ್ಕ ಕತ್ತರಿಯಿಂದ ಒಂದು ಕಡೆ ಕೊಯ್ದು ಎಳೆದರೆ ಉಂಗುರದಂತೆ ಹೊರಬರುತ್ತದೆ. ಚಕ್ರ ಕಳಚುವಂತಿದ್ದರೆ ವಾಷರುಗಳ ಕ್ರಮ ಮರೆಯಬೇಡಿ. ಒಂದು ವಾಷರ್ ಕಡಿಮೆಯಾದರೂ ನಡುಕ ಶುರು.

ಚಕ್ರ ಸಲೀಸಾಗಿ ತಿರುಗಿಯೂ ನಡುಗಿದರೆ ಅದನ್ನು ಹಿಡಿದು ಅಕ್ಕಪಕ್ಕ ಅಲುಗಿಸಿ. ಕಟಕಟ ಎಂದರೆ ಬುಷ್, ಅಂದರೆ ಆಕ್ಸಲ್ ಸುತ್ತ ಕೂರುವ ಕೊಳವೆಯಂಥ ತುಂಡು, ಸವೆದಿದೆ, ಬದಲಿಸಬೇಕು. ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಬಿದ್ದಿರುವ ಫೋಮ್ ಚಕ್ರಗಳು ಒಂದು ಕಡೆ ಚಪ್ಪಟೆಯಾಗುತ್ತವೆ. ಆಗ ಪ್ರತಿ ಸುತ್ತಿಗೂ ಒಂದು ಕುಲುಕು ಬರುತ್ತದೆ. ಇದು ಸರಿಹೋಗದಿದ್ದರೆ ಚಕ್ರ ಬದಲಿಸುವುದೇ ದಾರಿ.

ಬ್ರೇಕ್ ಹಿಡಿಯುತ್ತಿಲ್ಲ

ಹೆಚ್ಚಿನ ಸ್ಟ್ರಾಲರ್‌ಗಳಲ್ಲಿ ಬ್ರೇಕ್ ಎಂದರೆ ಚಕ್ರದ ಒಳಬದಿಯ ಹಲ್ಲುಗಳ ನಡುವೆ ಇಳಿಯುವ ಒಂದು ಪಿನ್. ಹಲ್ಲಿನ ಸಂದಿಯಲ್ಲಿ ಮಣ್ಣು ಗಟ್ಟಿಯಾಗಿದ್ದರೆ ಪೆಡಲ್ ಕೆಳಗಿಳಿದರೂ ಪಿನ್ ಹಿಡಿಯುವುದಿಲ್ಲ. ಬ್ರಷ್‌ನಿಂದ ತೆಗೆದು, ಅಕ್ಕಿ ಚೀಲ ಕೂರಿಸಿ, ಆಸ್ಪತ್ರೆ ರ‍್ಯಾಂಪಿನಂಥ ಇಳಿಜಾರಿನಲ್ಲಿ ಪರೀಕ್ಷಿಸಿ. ಬ್ರೇಕ್ ಹಾಕಿದ ಮೇಲೆ ಗಾಡಿಯನ್ನು ಒಂದು ಇಂಚು ಹಿಂದೆ ಮುಂದೆ ಅಲುಗಿಸುವುದು ಅಭ್ಯಾಸವಾಗಲಿ, ಪಿನ್ ಹಲ್ಲಿನ ಮೇಲೆ ಕೂತಿದ್ದರೆ ಆಗ ಸಂದಿಗೆ ಇಳಿಯುತ್ತದೆ. ರೈಲ್ವೆ ಪ್ಲಾಟ್‌ಫಾರಂ ಎಷ್ಟು ಸಮತಟ್ಟು ಕಂಡರೂ ಹಳಿಗೆ ಅಡ್ಡವಾಗಿ ಗಾಡಿ ನಿಲ್ಲಿಸಬೇಡಿ. ಹಳಿಗೆ ಸಮಾನಾಂತರವಾಗಿ ನಿಲ್ಲಿಸಿ, ಬ್ರೇಕ್ ಹಾಕಿ, ಕೈಯನ್ನೂ ಇಟ್ಟಿರಿ.

ಬೆಲ್ಟಿನ ಬಕಲ್ ಬಿಚ್ಚುತ್ತಿಲ್ಲ

ಒಳಗೆ ತಿಂಡಿ ಇದೆ. ನಮ್ಮಲ್ಲಿ ಅದು ಬಹುಪಾಲು ಮಂಡಕ್ಕಿ. ಮಗುವಿನ ಮುಷ್ಟಿಯಿಂದ ಜಾರಿದ ಒಂದು ಕಾಳು ಬಕಲಿನ ಸೀಳಿಗೆ ಇಳಿದು, ಜೊಲ್ಲಿಗೆ ನೆನೆದು, ಮತ್ತೆ ಒಣಗಿ ಅಂಟಾಗುತ್ತದೆ. ಕೆಂಪು ಬಟನ್ ಅರ್ಧಕ್ಕೆ ನಿಲ್ಲುತ್ತದೆ. ಬಕಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ನೀರಿನೊಳಗೇ ಬಟನ್ ಒತ್ತಿ ಬಿಡಿ, ತಲೆಕೆಳಗೆ ಮಾಡಿ ಕೊಡವಿ, ನೆರಳಲ್ಲಿ ಒಣಗಿಸಿ. ಬಕಲಿಗೆ ಯಾವ ಎಣ್ಣೆಯೂ ಬೇಡ, ಸಿಲಿಕೋನ್ ಕೂಡ ಬೇಡ. ಒಣಗಿದ ಮೇಲೆ ಹಾಕಿ ಗಟ್ಟಿಯಾಗಿ ಜಗ್ಗಿ ನೋಡಿ. ಏಪ್ರಿಲ್ ಬಿಸಿಲಲ್ಲಿ ನಿಂತ ಗಾಡಿಯ ಲೋಹದ ಭಾಗಗಳನ್ನು ಮಗು ಕೂರಿಸುವ ಮೊದಲು ಮುಟ್ಟಿ ನೋಡುವುದನ್ನೂ ಮರೆಯಬೇಡಿ. ನೆರಳಿಗೆಂದು ಇಡೀ ಗಾಡಿಗೆ ಸೀರೆಯನ್ನೋ ಟವೆಲನ್ನೋ ಹೊದಿಸಿದರೆ ಒಳಗೆ ಗಾಳಿ ಆಡದೆ ಬಿಸಿ ಏರುತ್ತದೆ.

ಹಿಂದಕ್ಕೆ ಮಗುಚುತ್ತದೆ

ಇದು ಗಾಡಿಯ ದೋಷವಲ್ಲ, ಹ್ಯಾಂಡಲಿಗೆ ನೇತುಹಾಕಿದ ತರಕಾರಿ ಚೀಲದ್ದು. ಗಾಡಿ ಹಗುರವಾದಷ್ಟೂ ಬೇಗ ಮಗುಚುತ್ತದೆ. ಮಗುವನ್ನು ಎತ್ತಿಕೊಂಡ ಕ್ಷಣ ಮುಂದಿನ ಭಾರ ಹೋಗಿ ಚೀಲ ಹಿಂದಕ್ಕೆ ಎಳೆಯುತ್ತದೆ. ಸಾಮಾನು ಅಡಿ ಬುಟ್ಟಿಯಲ್ಲಿರಲಿ, ಅದೂ ಬುಟ್ಟಿಯ ಮೇಲೆ ಬರೆದಿರುವ ತೂಕದೊಳಗೆ.

ಕೊಳ್ಳುವಾಗಲೇ ಈ ದೋಷಗಳನ್ನು ಹುಡುಕಿ

ಅಂಗಡಿಯವರು ನುಣುಪಾದ ನೆಲದ ಮೇಲೆ, ಖಾಲಿ ಗಾಡಿಯನ್ನು, ಎರಡೂ ಕೈ ಬಿಡುವಾಗಿರುವಾಗ ಮಡಚಿ ತೋರಿಸುತ್ತಾರೆ. ನಿಮಗೆ ಅದು ಬೇಕಾಗುವುದು ಹಾಗಲ್ಲ. ರೈಲು ಒಂದೆರಡು ನಿಮಿಷ ನಿಲ್ಲುವಷ್ಟರಲ್ಲಿ, ಒಂದು ಕಂಕುಳಲ್ಲಿ ಮಗು, ಹೆಗಲಲ್ಲಿ ಬ್ಯಾಗು ಇರುವಾಗ. ಆದ್ದರಿಂದ ಮಗುವನ್ನು, ಇಲ್ಲವೇ ಅಷ್ಟೇ ತೂಕದ ಬ್ಯಾಗನ್ನು ಎಡತೋಳಿನಲ್ಲಿ ಹಿಡಿದು ನೀವೇ ಮಡಚಿ ನೋಡಿ. ಗಾಡಿಯನ್ನು ಹೆಚ್ಚು ಬಳಸುವವರು ಮನೆಯ ಅಮ್ಮನೋ ಅತ್ತೆಯೋ ಆಗಿದ್ದರೆ ಅವರನ್ನೇ ಕರೆದುಕೊಂಡು ಹೋಗಿ ಅವರ ಕೈಯಲ್ಲೇ ಮಾಡಿಸಿ. ಬೆರಳ ಬಲ ಕಡಿಮೆ ಇರುವವರಿಗೆ ಕೆಲವು ಬಟನ್‌ಗಳು ಒತ್ತಲಿಕ್ಕೇ ಬರುವುದಿಲ್ಲ. ಕೀಲು ಬಟ್ಟೆಯಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮುಚ್ಚಿದೆಯೇ ನೋಡಿ. ಲಾಕ್ ಪಿನ್ ಹೊರಗಿನಿಂದ ಕಾಣುವ ಗಾಡಿಯನ್ನೇ ನಾನು ಆರಿಸುತ್ತೇನೆ. ಕಾಣುವ ಲಾಕನ್ನು ಪರೀಕ್ಷಿಸಬಹುದು.

ಮಡಚಿದ ಅಳತೆಯನ್ನು ಟೇಪಿನಲ್ಲಿ ಅಳೆಯಿರಿ. ಸಿಎನ್‌ಜಿ ಸಿಲಿಂಡರ್ ಹಾಕಿಸಿದ ಕಾರಿನ ಡಿಕ್ಕಿಯಲ್ಲಿ ಉಳಿಯುವ ಜಾಗಕ್ಕೆ ಛತ್ರಿ ಮಾದರಿಯ ಉದ್ದನೆಯ ಗಾಡಿ ಅಡ್ಡಕ್ಕೆ ಮಲಗಬಹುದು, ಪುಸ್ತಕ ಮಾದರಿಯ ದಪ್ಪ ಗಾಡಿ ಹಿಡಿಸುವುದಿಲ್ಲ. ಆಟೊದಲ್ಲಿ ಓಡಾಡುವವರಿಗೆ ಮೂರಾಗಿ ಮಡಚುವ ಚಿಕ್ಕ ಗಾಡಿ ಕಾಲ ಬಳಿ ನಿಲ್ಲುತ್ತದೆ. ವಿಮಾನದ ಒಳಗೆ ಒಯ್ಯಲೆಂದು ಮಾಡಿದ ಇವು ನಮಗೆ ಹೆಚ್ಚು ಒದಗುವುದು ಬಸ್ಸಿನಲ್ಲಿ. ತೂಕ ಆರರಿಂದ ಎಂಟು ಕೆಜಿ ಇರುತ್ತದೆ. ಅದನ್ನು ಹೊತ್ತು ನಿಮ್ಮ ಮನೆಯ ಮಹಡಿ ಹತ್ತಬೇಕೆಂದು ನೆನಪಿಟ್ಟು ಆರಿಸಿ.

ಆದರೆ ಚಿಕ್ಕ ಗಾಡಿ ಎಂದರೆ ಚಿಕ್ಕ ಚಕ್ರ. ಕುಂದವಾಡ ಕೆರೆಯ ನಡಿಗೆ ದಾರಿಯಲ್ಲಿ ಅದು ಚೆನ್ನ. ಹಳೇ ಊರಿನ ಗಲ್ಲಿಗಳಲ್ಲಿ, ಒಡೆದ ಫುಟ್‌ಪಾತ್ ಕಲ್ಲುಗಳ ನಡುವೆ, ಚರಂಡಿ ಜಾಲರಿಯ ಮೇಲೆ ಅದೇ ಚಕ್ರ ಸಿಕ್ಕಿಕೊಳ್ಳುತ್ತದೆ. ಗಾಡಿ ಗಕ್ಕನೆ ನಿಂತಾಗ ಎಲ್ಲ ಹೊಡೆತವೂ ಮಡಚುವ ಕೀಲಿಗೆ ಬೀಳುತ್ತದೆ. ದಿನಾ ಬೀದಿಯಲ್ಲೇ ಓಡಾಟವಾದರೆ ಸ್ವಲ್ಪ ಭಾರವಾದರೂ ದೊಡ್ಡ ಚಕ್ರದ್ದೇ ಬಾಳಿಕೆ ಬರುತ್ತದೆ. ದುರ್ಗಾಂಬಿಕಾ ಜಾತ್ರೆಯ ಜನಜಂಗುಳಿಗೆ ಯಾವ ಸ್ಟ್ರಾಲರೂ ಬೇಡ, ಮಗು ತೋಳಲ್ಲೇ ಇರಲಿ.

ಆರು ತಿಂಗಳೊಳಗಿನ ಮಗುವಿಗೆ ಸೀಟು ಪೂರ್ತಿ ಮಲಗುವಂಥದ್ದು ಬೇಕು. ಕತ್ತು ನಿಲ್ಲದ ಕೂಸನ್ನು ಕೂರಿಸುವ ಸೀಟಿನಲ್ಲಿ ಹಾಕಿದರೆ ತಲೆ ಮುಂದಕ್ಕೆ ಬಾಗಿ ಉಸಿರಿಗೆ ತೊಂದರೆಯಾಗಬಹುದು. ಹಗುರವಾಗಿ ಮಡಚುವ ಗಾಡಿಗಳಲ್ಲಿ ಹಲವು ಹೀಗೆ ಮಲಗುವುದಿಲ್ಲ. ಬೆಲ್ಟ್ ಐದು ಕಡೆ ಹಿಡಿಯುವಂಥದ್ದಿರಲಿ: ಎರಡು ಹೆಗಲು, ಎರಡು ಸೊಂಟ, ಕಾಲ ನಡುವೆ ಒಂದು. ಚೀಟಿಯಲ್ಲಿ ಸ್ಟ್ರಾಲರ್ ಸುರಕ್ಷತೆಯ ಮಾನದಂಡಗಳಾದ ಯುರೋಪಿನ ಇಎನ್ 1888 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್ 833 ಎಂದಿದೆಯೇ ನೋಡಿ. ಇಎನ್ 1888ರ ಮೊದಲ ಭಾಗ 15 ಕೆಜಿ ತನಕದ ಮಕ್ಕಳ ಗಾಡಿಗೆ, ಎರಡನೆಯದು 22 ಕೆಜಿ ತನಕ.

ಸೆಕೆಂಡ್‌ಹ್ಯಾಂಡ್ ತೆಗೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ, ಮಕ್ಕಳು ಬೇಗ ಬೆಳೆಯುತ್ತಾರೆ. ಬಟ್ಟೆಯ ಹೊಳಪು ನೋಡಿ ಮಾರುಹೋಗಬೇಡಿ. ಬಟ್ಟೆ ಎತ್ತಿ ಲಾಕ್ ಪಿನ್ನಿನ ಮೂಲೆಗಳನ್ನು ಬೆರಳಿಂದ ಸವರಿ, ಚೂಪಾಗಿವೆಯೇ ದುಂಡಗಾಗಿವೆಯೇ ನೋಡಿ. ಪೈಪಿಗೆ ಹೊಸ ಬಣ್ಣ ಬಳಿದಿದ್ದರೆ ಏಕೆ ಎಂದು ಕೇಳಿ.

ಮುಖ್ಯ ಲಾಕ್ ಸವೆದ ಗಾಡಿಯನ್ನು ಅಟ್ಟಕ್ಕೆ ಹಾಕಬೇಡಿ, ಕೆಲಸದವರ ಮನೆಗೂ ಕೊಡಬೇಡಿ. ಮುಂದಿನ ವರ್ಷ ಇನ್ನೊಂದು ಮಗುವನ್ನು ಅದರಲ್ಲಿ ಕೂರಿಸುತ್ತಾರೆ. ಬೆಲ್ಟುಗಳನ್ನು ಕತ್ತರಿಸಿ, ಸೀಟಿನ ಬಟ್ಟೆ ಹರಿದು, ಚಕ್ರಗಳನ್ನು ಬೇರೆ ಮಾಡಿ, ಬರೀ ಪೈಪುಗಳನ್ನು ಗುಜರಿಗೆ ಹಾಕಿ. ಚೆನ್ನಾಗಿರುವ ಚಕ್ರ, ಬುಷ್, ವಾಷರುಗಳನ್ನು ನಮ್ಮಂಥ ಸೈಕಲ್ ಅಂಗಡಿಗೆ ಕೊಟ್ಟರೆ ಇನ್ನೊಂದು ಗಾಡಿಯ ರಿಪೇರಿಗೆ ಆಗುತ್ತವೆ.